ಫೇಡರ್ ಇರುವುದೊಂದು ಕಡೆ, ಲೆವೆಲ್ ಇನ್ನೊಂದು ಕಡೆ: ತಾಳಮದ್ದಳೆಗೆ ಸಣ್ಣ ಡಿಜಿಟಲ್ ಮಿಕ್ಸರ್

ವೇಷ, ಕುಣಿತವಿಲ್ಲದೆ ಹಾಡು, ಮಾತುಗಳಲ್ಲೇ ನಡೆಯುವ ಯಕ್ಷಗಾನವಾದ ತಾಳಮದ್ದಳೆಗೆ ನಾನು ಒಯ್ಯುವ ಮಿಕ್ಸರ್ ಜೂಮ್ ಲೈವ್‌ಟ್ರ್ಯಾಕ್ ಎಲ್-12. ಮೈಕ್ ಹಾಕಲು 8 ಚಾನೆಲ್, ಅದರ ಮೇಲೆ 2 ಸ್ಟೀರಿಯೋ ಚಾನೆಲ್. ಭಾಗವತರು, ಮದ್ದಳೆ, ಚಂಡೆ, ಪಾತ್ರಗಳಾಗಿ ಮಾತಾಡುವ ಐದು ಅರ್ಥಧಾರಿಗಳು, ಸ್ಟೀರಿಯೋದಲ್ಲಿ ಶ್ರುತಿಪೆಟ್ಟಿಗೆ, ಲೆಕ್ಕ ಸರಿಹೋಯಿತು.

ಇದರ ಫೇಡರ್‌ಗಳಿಗೆ ಮೋಟಾರ್ ಇಲ್ಲ. ಫೇಡರ್ ಅಂದರೆ ಚಾನೆಲ್‌ನ ಲೆವೆಲ್, ಅಂದರೆ ಧ್ವನಿಮಟ್ಟ, ಏರಿಳಿಸುವ ಜಾರುಗುಂಡಿ. ಬೆಹ್ರಿಂಗರ್ ಎಕ್ಸ್32 ಥರದ ದೊಡ್ಡದರಲ್ಲಿ ಸೀನ್, ಅಂದರೆ ಸೇವ್ ಮಾಡಿಟ್ಟ ಲೆವೆಲ್‌ಗಳ ಜೋಡಣೆ, ಬದಲಿಸಿದರೆ ಫೇಡರ್‌ಗಳು ತಾವೇ ಸರಸರ ಓಡಿ ಹೊಸ ಜಾಗದಲ್ಲಿ ನಿಲ್ಲುತ್ತವೆ. ಇಲ್ಲಿ ಬಿಟ್ಟಲ್ಲೇ ಇರುತ್ತವೆ, ಒಳಗಿನ ಲೆವೆಲ್ ಮಾತ್ರ ಬದಲಾಗುತ್ತದೆ. ಆಮೇಲೆ ಫೇಡರ್ ಸರಿಸಿದರೂ, ಒಳಗಿನ ಲೆವೆಲ್ ಇರುವ ಜಾಗವನ್ನು ಅದು ದಾಟುವವರೆಗೆ ಏನೂ ಆಗುವುದಿಲ್ಲ.

ಇದರ ಅಪಾಯ ಎಲ್ಲಿದೆ ನೋಡಿ. ವಾಲಿಯ ಅರ್ಥಧಾರಿಯ ಮೈಕಿನ ಲೆವೆಲ್ ಒಳಗೆ 0 ಡಿಬಿಯಲ್ಲಿದೆ, ಫೇಡರ್ ಮಾತ್ರ ಮೈನಸ್ 20ರಲ್ಲಿ ಕೂತಿದೆ ಅಂದುಕೊಳ್ಳಿ. ಮೈಕ್ ಕುಂಯ್ ಎಂದಿತು. ನೀವು ಫೇಡರನ್ನು ಕೆಳಗೆಳೆದಿರಿ. ಪೂರ್ತಿ ತಳಕ್ಕೆ ಬಂದರೂ ಕೂಗು ನಿಲ್ಲದು. ಅದನ್ನು ಹಿಡಿತಕ್ಕೆ ತರಬೇಕಾದರೆ ಮೊದಲು 0 ದಾಟುವಷ್ಟು ಮೇಲಕ್ಕೆ ತಳ್ಳಿ, ಮತ್ತೆ ಇಳಿಸಬೇಕು. ಸಭೆಯೆಲ್ಲ ಕಿವಿ ಮುಚ್ಚಿಕೊಂಡಿರುವಾಗ ಯಾರ ಕೈಯಾದರೂ ಮೇಲಕ್ಕೆ ಹೋಗುತ್ತದೆಯೇ? ಅದಕ್ಕೇ, ಮೈಕ್ ಕೂಗಿದರೆ ಫೇಡರ್ ಮುಟ್ಟಬೇಡಿ, ಮ್ಯೂಟ್ ಒತ್ತಿ.

ಈ ಗೊಂದಲ ಹುಟ್ಟುವುದು ಸೀನ್ ಕರೆದಾಗ ಮಾತ್ರವಲ್ಲ. ಎಲ್-12ರಲ್ಲಿ ಎ ಇಂದ ಇ ವರೆಗೆ ಐದು ಮಾನಿಟರ್ ಮಿಕ್ಸ್, ಅಂದರೆ ಕಲಾವಿದರು ತಾವು ಕೇಳಿಸಿಕೊಳ್ಳುವ ಮಿಕ್ಸ್, ಇವೆ, ಎಲ್ಲಕ್ಕೂ ಅವೇ ಫೇಡರ್‌ಗಳು. ಭಾಗವತರಿಗೆ ಶ್ರುತಿ ಇನ್ನಷ್ಟು ಬೇಕೆಂದು ಎ ಗುಂಡಿ ಒತ್ತಿ ನಾಲ್ಕು ಫೇಡರ್ ಸರಿಸಿ, ಮತ್ತೆ ಸಭೆಯ ಮಿಕ್ಸ್ ಆದ ಮಾಸ್ಟರ್ ಒತ್ತಿದರೆ ಸಭೆಯ ಲೆವೆಲ್ ಮೊದಲಿನಂತೇ ಇರುತ್ತದೆ, ಆದರೆ ಆ ನಾಲ್ಕೂ ಫೇಡರ್‌ಗಳು ಈಗ ಸುಳ್ಳು ಹೇಳುತ್ತಿರುತ್ತವೆ.

ಹಾಗಾಗಿ ನಾನು ಮಾನಿಟರ್ ಕೆಲಸವನ್ನು ಮೊದಲು ಮುಗಿಸಿಬಿಡುತ್ತೇನೆ. ಗೇನ್, ಅಂದರೆ ಮೈಕಿನ ಧ್ವನಿಯನ್ನು ಒಳಬರುವಾಗಲೇ ಹಿಗ್ಗಿಸುವ ಮಟ್ಟ, ಇಡುವಾಗ ಭಾಗವತರಿಂದ ಏರುಪದ್ಯವನ್ನೇ ಹಾಡಿಸಿ. ಮೆಲ್ಲಗೆ ಗುನುಗಿದ್ದಕ್ಕೆ ಇಟ್ಟ ಗೇನ್ ಯುದ್ಧದ ಸನ್ನಿವೇಶದಲ್ಲಿ ಧ್ವನಿಯನ್ನು ಒಡೆಯುತ್ತದೆ. ಚಂಡೆಯ ಚಾನೆಲ್‌ಗೆ ಪ್ಯಾಡ್ ಹಾಕಿ, ಅದು ಜೋರಾದ ಧ್ವನಿಯನ್ನು ತಗ್ಗಿಸಿ ಒಳಬಿಡುತ್ತದೆ. ಅರ್ಥಧಾರಿಗಳ ಮೈಕಿಗೆ ತಗ್ಗು ಸ್ವರದ ಗುಂಯ್ ಕತ್ತರಿಸುವ ಲೋ ಕಟ್ ಇರಲಿ, ಮದ್ದಳೆಗೆ ಬೇಡ. ನಂತರ ಎ ಮಿಕ್ಸ್‌ನಲ್ಲಿ ಭಾಗವತರಿಗೆ ಬೇಕಾದ್ದನ್ನು ಕೊಟ್ಟು ಮಾಸ್ಟರ್‌ಗೆ ಬನ್ನಿ. ಸ್ಪೀಕರ್‌ಗಳ ವಾಲ್ಯೂಮ್ ಪೂರ್ತಿ ಇಳಿಸಿ, ಒಂದೊಂದು ಫೇಡರನ್ನೂ ತಳದಿಂದ ತುದಿಯವರೆಗೆ ಒಮ್ಮೆ ಒಯ್ಯಿರಿ. ದಾರಿಯಲ್ಲಿ ಎಲ್ಲೋ ಒಂದು ಕಡೆ ಒಳಗಿನ ಲೆವೆಲ್ ಸಿಕ್ಕೇ ಸಿಗುತ್ತದೆ. ಅಲ್ಲಿಂದ ಬೇಕಾದ ಜಾಗಕ್ಕೆ ಇಳಿಸಿ, ಪಕ್ಕದಲ್ಲಿ ಕಾಗದದ ಟೇಪ್ ಅಂಟಿಸಿ ಪೆನ್ಸಿಲ್ ಗೆರೆ ಹಾಕಿ. ಇನ್ನು ಪ್ರಸಂಗ ಮುಗಿಯುವವರೆಗೆ ಮಾಸ್ಟರ್‌ನಲ್ಲೇ ಇರಿ.

ಭಾಗವತರು ನಡುವೆ ಸನ್ನೆ ಮಾಡಿದರೆ? ಮಾಡುತ್ತಾರೆ. ಆಗ ಅವರು ಕೇಳಿದ ಒಂದೇ ಫೇಡರನ್ನು ಎ ಮಿಕ್ಸ್‌ನಲ್ಲಿ ಸರಿಸಿ, ಮಾಸ್ಟರ್‌ಗೆ ಮರಳಿ, ಅದನ್ನು ನಿಧಾನವಾಗಿ ಪೆನ್ಸಿಲ್ ಗೆರೆಗೆ ತಂದು ಕೂದಲೆಳೆಯಷ್ಟು ದಾಟಿಸಿ. ಸರಿಯಾಗಿ ಸಿಕ್ಕರೆ ಸಭೆಗೆ ಏನೂ ಗೊತ್ತಾಗುವುದಿಲ್ಲ.

ಸೀನ್‌ಗೆ 9 ಜಾಗ ಇದ್ದರೂ ತಾಳಮದ್ದಳೆಗೆ ಒಂದು ಸಾಕು. ಪದ್ಯಕ್ಕೊಂದು, ಅರ್ಥಕ್ಕೊಂದು ಅಂತ ಮಾಡಿಡುವುದು ಕೇಳಲಷ್ಟೇ ಚಂದ. ಮ್ಯೂಟ್ ಗುಂಡಿಯೇ ಸಲೀಸು: ವಾಲಿ ಮಾತಾಡುವಾಗ ರಾಮನ ಮೈಕ್ ತೆರೆದೇ ಇರಲಿ, ಮಧ್ಯೆ ತಿರುಗಿ ಕೇಳುವುದು ಇದ್ದದ್ದೇ. ಉಳಿದವರದ್ದು ಮುಚ್ಚಿ, ಇಲ್ಲದಿದ್ದರೆ ಎಲೆಯಡಿಕೆ ಜಗಿಯುವುದೂ ಸಭೆಗೆ ಕೇಳುತ್ತದೆ. ಗೇನ್ ಗುಬುಟುಗಳು ಸೀನ್‌ನಲ್ಲಿ ಉಳಿಯುವುದಿಲ್ಲ. ಅವನ್ನು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಬೇರೆ ಕಂಪನಿಯದ್ದಾದರೆ ಮನೆಯಲ್ಲೇ ಪರೀಕ್ಷಿಸಿ. ಫೋನಿನಿಂದ ಹಾಡು ಹಾಕಿ, ಲೆವೆಲ್ ಸೇವ್ ಮಾಡಿ, ಫೇಡರನ್ನು ಬೇರೆಡೆ ಸರಿಸಿ, ಸೀನ್ ಕರೆದು, ಮೆಲ್ಲಗೆ ಮುಟ್ಟಿ. ಕೆಲವು ಮಿಕ್ಸರ್‌ಗಳು ಕಾಯುವುದಿಲ್ಲ, ಮುಟ್ಟಿದ ಕೂಡಲೇ ಲೆವೆಲ್ ಫೇಡರ್ ಇರುವಲ್ಲಿಗೆ ಜಿಗಿಯುತ್ತದೆ. ಅಂಥದ್ದರಲ್ಲಿ ಮ್ಯೂಟ್ ಮಾಡದೆ ಫೇಡರ್ ಮುಟ್ಟಲೇಬೇಡಿ.