ಕ್ರೋಮ್ 79ರಿಂದ 114ಕ್ಕೆ ಹಾರಿದ ಆ ಸೋಮವಾರ

ಬೆಳಿಗ್ಗೆ ಎಂಟೂ ಹತ್ತಕ್ಕೆ ಸ್ಟೋರ್ಸ್ ಮೇಡಂ ಫೋನು. "ಸಾರ್, ಗೇಟ್‌ಪಾಸ್ ಪೇಜು ಓಪನ್ನೇ ಆಗ್ತಿಲ್ಲ. ಹೊರಗೆ ಲಾರಿ ನಿಂತಿದೆ, ಡ್ರೈವರ್ ಆಗ್ಲೇ ಮೂರು ಸಲ ಬಂದು ಕೇಳಿ ಹೋದ." ಸ್ಕ್ರೀನಿನ ಫೋಟೊ ಕಳಿಸಿ ಮೇಡಂ ಅಂದೆ. ವಾಟ್ಸ್‌ಆ್ಯಪ್‌ನಲ್ಲಿ ಬಂತು. ಈ ಸೈಟು ಸುರಕ್ಷಿತ ಸಂಪರ್ಕ ಕೊಡಲಾರದು ಅನ್ನುವ ದಪ್ಪಕ್ಷರದ ಸಾಲು ಇತ್ತು. ಅದರ ಕೆಳಗೆ ಬೂದು ಬಣ್ಣದಲ್ಲಿ ಸಣ್ಣದೊಂದು ಸಾಲು ಇರುತ್ತದಲ್ಲ, ಅದು ಫೋಟೊದಲ್ಲಿ ತುಂಡಾಗಿ ಹೋಗಿತ್ತು. ನಾನೂ ಕೇಳಲಿಲ್ಲ. ಆವತ್ತಿನ ಅರ್ಧ ಪಾಡು ಅಲ್ಲಿಂದಲೇ ಶುರು.

ನಾನು ತುಮಕೂರು ರಸ್ತೆಯ ಒಂದು ಕಾರ್ಖಾನೆಯಲ್ಲಿ ಸಿಸ್ಟಂ ನೋಡಿಕೊಳ್ಳುವವನು. ಐಟಿ ವಿಭಾಗ ಅಂದರೆ ನಾನು, ಜೊತೆಗೊಬ್ಬ ಹುಡುಗ, ಬೇಸಿಗೆಯಲ್ಲಿ ಕೈಕೊಡುವ ಏಸಿ ಇರುವ ಒಂದು ಸರ್ವರ್ ರೂಮು. ಅರವತ್ತು ಚಿಲ್ಲರೆ ಪಿಸಿ, ಎಲ್ಲ ವಿಂಡೋಸ್ 10. ನನಗಿಂತ ಮುಂಚೆ ಇದ್ದವರು 2020ರ ಆರಂಭದಲ್ಲಿ ಎಲ್ಲ ಪಿಸಿಗೂ ಒಂದೇ ಕಡೆಯಿಂದ ನಿಯಮ ಹೇರುವ ಗ್ರೂಪ್ ಪಾಲಿಸಿ ಹಾಕಿ ಕ್ರೋಮ್ ಬ್ರೌಸರಿನ ಅಪ್‌ಡೇಟನ್ನೇ ನಿಲ್ಲಿಸಿಬಿಟ್ಟಿದ್ದರು. ಯಾವುದೋ ಅಪ್‌ಡೇಟ್ ಆದಮೇಲೆ ಇನ್‌ವಾಯ್ಸ್ ಪ್ರಿಂಟು ಎಡಗಡೆ ಕತ್ತರಿಸಿ ಬರುತ್ತಿತ್ತಂತೆ. ಹಾಗಾಗಿ ಇಡೀ ಕಾರ್ಖಾನೆ 79ನೇ ಆವೃತ್ತಿಯಲ್ಲೇ ಮೂರೂವರೆ ವರ್ಷ ಕೂತಿತ್ತು. ಆಡಿಟ್‌ಗೆ ಬಂದವರು ಅದನ್ನು ಹಿಡಿದರು. 2023ರ ಜೂನ್‌ನ ಒಂದು ಭಾನುವಾರ ನಾನೂ ಹುಡುಗನೂ ಕೂತು ಎಲ್ಲ ಪಿಸಿಗೂ 114 ಹಾಕಿದೆವು. ಹೊರಗಿನ ನಾಲ್ಕು ಸೈಟು ತೆರೆದು ನೋಡಿ, ಬೀಗ ಹಾಕಿಕೊಂಡು ಮನೆಗೆ ಹೋದೆವು. ಕಾರ್ಖಾನೆಯೊಳಗೇ ಓಡುವ ನಮ್ಮದೇ ಇಂಟ್ರಾನೆಟ್ ಪುಟಗಳನ್ನು ತೆರೆದು ನೋಡಬೇಕು ಅಂತ ಇಬ್ಬರಿಗೂ ಹೊಳೆಯಲಿಲ್ಲ. ಹೇಳಿಕೊಳ್ಳಲು ನಾಚಿಕೆಯೇ.

ಒಂಬತ್ತು ಗಂಟೆಯ ಹೊತ್ತಿಗೆ ದೂರು ಮೂರಾಗಿತ್ತು. ಸ್ಟೋರ್ಸ್‌ನ ಗೇಟ್‌ಪಾಸ್ ಇಲ್ಲ, ಲ್ಯಾಬಿನ ಟೆಸ್ಟ್ ರಿಪೋರ್ಟ್ ಪುಟ ಇಲ್ಲ, ಹಾಜರಿ ಪುಟಕ್ಕೆ ಲಾಗಿನ್ ಆಗುತ್ತಿಲ್ಲ. ಅಪ್‌ಗ್ರೇಡ್ ಒಂದೇ, ಆದ್ದರಿಂದ ಕಾಯಿಲೆಯೂ ಒಂದೇ ಇರಬೇಕು ಅಂತ ನನ್ನ ಲೆಕ್ಕ. ಬ್ರೌಸರ್ ಕೂಡಿಟ್ಟುಕೊಂಡ ಹಳೇ ಪುಟಗಳ ಕ್ಯಾಶ್ ಕ್ಲಿಯರ್ ಮಾಡಿಸಿದೆ. ಎಡ್ಜ್‌ನಲ್ಲಿ ನೋಡಿ ಅಂದೆ. ಎಡ್ಜ್ ಒಳಗಿರುವುದೂ ಕ್ರೋಮ್‌ನದೇ ಬುನಾದಿಯಾದ ಕ್ರೋಮಿಯಂ ಅನ್ನುವುದು ಗೊತ್ತಿದ್ದೂ ಅಂದೆ, ಗಾಬರಿ. ಕೊನೆಗೆ ಅಕೌಂಟ್ಸ್‌ನ ಒಂದು ಪಿಸಿಯಲ್ಲಿ 114 ತೆಗೆದು ಹಳೇ 79 ಹಾಕಿದೆ. ಅದು ನಿಮ್ಮ ಪ್ರೊಫೈಲ್ ಹೊಸ ಆವೃತ್ತಿಯದು, ಬಳಸಲಾಗದು ಅಂದಿತು. ಪ್ರೊಫೈಲ್ ಫೋಲ್ಡರಿನ ಹೆಸರು ಬದಲಿಸಿದೆ, ಕ್ರೋಮ್ ತೆರೆಯಿತು, ಅಕೌಂಟ್ಸ್‌ನವರ ಬುಕ್‌ಮಾರ್ಕ್ ಒಂದೂ ಇಲ್ಲ. "ಏನ್ ಸಾರ್, ಇದ್ದಿದ್ದನ್ನೂ ಕಳೆದ್ರಲ್ಲ" ಅಂತ ಅವರು. ಹಳೇ ಫೋಲ್ಡರಿನಿಂದ ಬುಕ್‌ಮಾರ್ಕ್ ಫೈಲು ನಕಲು ಮಾಡಿಕೊಟ್ಟು ಬಚಾವಾದೆ. ಹಿಂದಕ್ಕೆ ಹೋಗುವ ದಾರಿ ಇದಲ್ಲ ಅನ್ನುವುದು ಅಲ್ಲಿಗೆ ಖಾತ್ರಿಯಾಯಿತು.

ಲಾರಿಯದ್ದು ಮೊದಲು ಬಗೆಹರಿಯಬೇಕಿತ್ತು. ನಮ್ಮ ರೂಮಿನ ಬೀರುವಿನಲ್ಲಿ ಭಾನುವಾರ ಕೈಗೆ ಸಿಗದೆ ಉಳಿದಿದ್ದ ಹಳೇ ಲ್ಯಾಪ್‌ಟಾಪ್ ಒಂದಿತ್ತು, ಅದರಲ್ಲಿ ಇನ್ನೂ 79. ಹೊರಗಿನ ಇಂಟರ್ನೆಟ್ ಬಂದ್ ಮಾಡಿ ಅದನ್ನು ಸ್ಟೋರ್ಸ್ ಕೌಂಟರಿನ ಮೇಲೆ ಇಟ್ಟುಬಂದೆ. ಗೇಟ್‌ಪಾಸ್ ಪ್ರಿಂಟಾಯಿತು, ಲಾರಿ ಹೋಯಿತು. ಬಂದು ಕೂತು, ಒಂದು ಟೀ ಕುಡಿದು, ಮೂರೂ ಪುಟಗಳನ್ನು ನನ್ನದೇ ಪಿಸಿಯಲ್ಲಿ ಒಂದೊಂದಾಗಿ ತೆರೆದೆ. ಈ ಸಲ ದಪ್ಪಕ್ಷರ ಬಿಟ್ಟು ಕೆಳಗಿನ ಬೂದು ಸಾಲು ಓದಿದೆ. ಒಂದರಲ್ಲಿ "ಎಸ್‌ಎಸ್‌ಎಲ್ ವರ್ಷನ್ ಆರ್ ಸೈಫರ್ ಮಿಸ್‌ಮ್ಯಾಚ್". ಇನ್ನೊಂದರಲ್ಲಿ "ಅನ್‌ಸೇಫ್ ಪೋರ್ಟ್". ಮೂರನೆಯದರಲ್ಲಿ ತಪ್ಪಿನ ಸಾಲೇ ಇಲ್ಲ, ಹೆಸರು ಪಾಸ್‌ವರ್ಡ್ ಕೊಟ್ಟರೆ ಮತ್ತೆ ಅದೇ ಲಾಗಿನ್ ಪುಟ. ಕಾಯಿಲೆ ಮೂರು, ಮೂರಕ್ಕೂ ಬೇರೆ ಬೇರೆ ಔಷಧಿ.

ಮೊದಲ ತಪ್ಪು ಸ್ಟೋರ್ಸ್‌ನದು. ಅಲ್ಲಿನ ಸರ್ವರ್ ವಿಂಡೋಸ್ ಸರ್ವರ್ 2008 ಆರ್2. ಬ್ರೌಸರೂ ಸರ್ವರೂ ಗುಟ್ಟಾಗಿ ಮಾತಾಡಿಕೊಳ್ಳುವ ಭಾಷೆಗೆ ಟಿಎಲ್‌ಎಸ್ ಅನ್ನುತ್ತಾರೆ, ಹಳೇ ಹೆಸರು ಎಸ್‌ಎಸ್‌ಎಲ್. ಅದು ಮಾತಾಡುತ್ತಿದ್ದದ್ದು ಟಿಎಲ್‌ಎಸ್ 1.0ರಲ್ಲಿ, ಅಂದರೆ 1999ರ ಭಾಷೆಯಲ್ಲಿ. ದೊಡ್ಡ ಬ್ರೌಸರಿನವರೆಲ್ಲ ಸೇರಿ 1.0 ಮತ್ತು 1.1ನ್ನು ಕೈಬಿಡುತ್ತೇವೆ ಅಂತ 2018ರ ಅಕ್ಟೋಬರಿನಲ್ಲೇ ಹೇಳಿದ್ದರು. 79ರಲ್ಲಿ ವಿಳಾಸದ ಪಕ್ಕ ಸುರಕ್ಷಿತವಲ್ಲ ಅಂತ ತೋರಿಸುತ್ತಿತ್ತು ಅಷ್ಟೆ. 84ರಲ್ಲಿ ಪುಟದ ತುಂಬ ಎಚ್ಚರಿಕೆ ಬಂತು, ಅದನ್ನು ದಾಟಿ ಮುಂದೆ ಹೋಗಬಹುದಿತ್ತು. 98ಕ್ಕೆ ಆ ದಾರಿಯೂ ಮುಚ್ಚಿತು. ವರ್ಷವರ್ಷವೂ ಅಪ್‌ಡೇಟ್ ಮಾಡಿಕೊಂಡು ಬಂದಿದ್ದರೆ ಈ ಎಚ್ಚರಿಕೆ ನಮ್ಮ ಕಣ್ಣಿಗೂ ಬೀಳುತ್ತಿತ್ತು. ನಾವು ಮೆಟ್ಟಿಲು ಬಿಟ್ಟು ಮಹಡಿಯಿಂದ ಹಾರಿದ್ದೆವು.

2008 ಆರ್2ಗೆ ಟಿಎಲ್‌ಎಸ್ 1.2 ಬರುತ್ತದೆ, ಆದರೆ ತಾನಾಗಿ ಆನ್ ಆಗಿರುವುದಿಲ್ಲ. ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಎಸ್‌ಚಾನಲ್ ಅನ್ನುವ ಕೀ, ಅದರೊಳಗೆ ಪ್ರೋಟೋಕಾಲ್ಸ್, ಅದರಡಿ ಟಿಎಲ್‌ಎಸ್ 1.2, ಅದರಡಿ ಸರ್ವರ್ ಅಂತ ಕೀಗಳನ್ನು ಮಾಡಿಕೊಳ್ಳಬೇಕು. ಎನೇಬಲ್ಡ್‌ಗೆ 1, ಡಿಸೇಬಲ್ಡ್ ಬೈ ಡಿಫಾಲ್ಟ್‌ಗೆ 0. ಐದು ನಿಮಿಷದ ಕೆಲಸ. ಆಮೇಲೆ ಸರ್ವರ್ ರೀಸ್ಟಾರ್ಟ್ ಆಗಬೇಕು, ನಿಜವಾದ ಕಷ್ಟ ಅದು. ಆ ಪೆಟ್ಟಿಗೆಯನ್ನು ಯಾರೂ ವರ್ಷಗಟ್ಟಲೆ ಆರಿಸಿರಲಿಲ್ಲ. ಹಳೇ ಡಿಸ್ಕು, ತಿರುಗುತ್ತಿರುವವರೆಗೆ ತಿರುಗುತ್ತದೆ, ನಿಂತರೆ ಮತ್ತೆ ಏಳುತ್ತದೋ ಇಲ್ಲವೋ. ಡೇಟಾಬೇಸಿನ ಬ್ಯಾಕಪ್ ತೆಗೆದು ಬೇರೆ ಡಿಸ್ಕಿಗೆ ಹಾಕಿಕೊಂಡು, ಎಲ್ಲರೂ ಊಟಕ್ಕೆ ಎದ್ದ ಮೇಲೆ ರೀಸ್ಟಾರ್ಟ್ ಒತ್ತಿದೆ. ಸರ್ವರ್ ಓಗೊಡುತ್ತದೆಯೇ ಅಂತ ಕೇಳುತ್ತಲೇ ಇರುವ ಪಿಂಗನ್ನು ಪಕ್ಕದಲ್ಲಿ ಹಾಕಿಕೊಂಡು ಕೂತೆವು. "ರಿಕ್ವೆಸ್ಟ್ ಟೈಮ್ಡ್ ಔಟ್" ಸಾಲು ಸಾಲಾಗಿ ಇಳಿಯುತ್ತಲೇ ಇತ್ತು. ಹನ್ನೊಂದು ನಿಮಿಷ. ಹುಡುಗ ಡಬ್ಬಿ ಬಿಚ್ಚಿಯೇ ಇರಲಿಲ್ಲ.

ಎದ್ದಿತು. ಆದರೆ ಗೇಟ್‌ಪಾಸ್ ಪುಟ ಬರಲಿಲ್ಲ. ಈಗಿನ ತಪ್ಪು ಬ್ರೌಸರಿನದ್ದಲ್ಲ, ಆ ಸಾಫ್ಟ್‌ವೇರಿನ ಸರ್ವಿಸನ್ನು ಯಾರೋ ಮ್ಯಾನ್ಯುಯಲ್‌ನಲ್ಲಿ ಇಟ್ಟಿದ್ದರು, ರೀಸ್ಟಾರ್ಟ್ ಆದಮೇಲೆ ಅದು ಏಳಲಿಲ್ಲ. ಸ್ಟಾರ್ಟ್ ಮಾಡಿ, ಆಟೊಮ್ಯಾಟಿಕ್‌ಗೆ ಬದಲಿಸಿ ನೋಡಿದರೆ ಪುಟ ಬಂತು. ಓಪನ್‌ಎಸ್‌ಎಸ್‌ಎಲ್ ಅನ್ನುವ ಸಾಧನದಿಂದ ಬರೀ 1.2ರಲ್ಲೇ ಸಂಪರ್ಕ ಮಾಡಿಸಿ ಖಚಿತ ಮಾಡಿಕೊಂಡೆ.

ಸರ್ವರಿನ ಗುರುತಿನ ಚೀಟಿಯಾದ ಸರ್ಟಿಫಿಕೇಟಿನ ಎಚ್ಚರಿಕೆ ಮಾತ್ರ ಉಳಿಯಿತು. ನಮ್ಮ ಜನ ಅದನ್ನು ಎಷ್ಟೋ ವರ್ಷದಿಂದ ನೋಡಿಯೂ ನೋಡದವರಂತೆ ಒತ್ತಿ ಮುಂದೆ ಹೋಗುತ್ತಿದ್ದರು. ಹಳೇ ಸರ್ಟಿಫಿಕೇಟಿನಲ್ಲಿ ಹೆಸರು ಇದ್ದದ್ದು ಕಾಮನ್ ನೇಮ್‌ನಲ್ಲಿ ಮಾತ್ರ, ಕ್ರೋಮ್ 2017ರ 58ನೇ ಆವೃತ್ತಿಯಿಂದಲೇ ಅದನ್ನು ಒಪ್ಪುವುದಿಲ್ಲ. ಸಬ್ಜೆಕ್ಟ್ ಆಲ್ಟರ್ನೇಟಿವ್ ನೇಮ್ ಅನ್ನುವ ಜಾಗದಲ್ಲೂ ಹೆಸರು ಇರಬೇಕು. ಬಂದಿದ್ದು ಬಂದಿದೆ, ಇದನ್ನೂ ಮುಗಿಸೋಣ ಅಂತ ಉಳಿದವಕ್ಕೆ ಸಹಿ ಹಾಕುವ ನಮ್ಮದೇ ರೂಟ್ ಸರ್ಟಿಫಿಕೇಟ್ ಮಾಡಿ, ಗ್ರೂಪ್ ಪಾಲಿಸಿಯಿಂದ ಎಲ್ಲ ಪಿಸಿಗೂ ಕಳಿಸಿ, ಹೊಸ ಸರ್ಟಿಫಿಕೇಟನ್ನು ಪಾಸ್‌ವರ್ಡ್ ಹಾಕಿ ಕಟ್ಟಿದ ಪಿಎಫ್‌ಎಕ್ಸ್ ಫೈಲನ್ನು ಸರ್ವರಿಗೆ ಒಯ್ದೆ. ಪಾಸ್‌ವರ್ಡ್ ತಪ್ಪು ಅಂದಿತು. ಮತ್ತೆ ಹೊಡೆದೆ, ತಪ್ಪು. ಪಾಸ್‌ವರ್ಡನ್ನು ಬರೀ ಅಂಕಿಗೆ ಬದಲಿಸಿದೆ, ಆಗಲೂ ತಪ್ಪು. ಒಂದು ಗಂಟೆ ಹೀಗೇ ಹೋಯಿತು. ಪಾಸ್‌ವರ್ಡ್ ಸರಿಯೇ ಇತ್ತು. ಓಪನ್‌ಎಸ್‌ಎಸ್‌ಎಲ್ 3 ಆ ಫೈಲಿಗೆ ಹಾಕುವ ಹೊಸ ಗೂಢಲಿಪಿ ಹಳೇ ವಿಂಡೋಸ್‌ಗೆ ಓದಲು ಬರುವುದಿಲ್ಲ, ಬಾರದ್ದನ್ನೆಲ್ಲ ಅದು ಪಾಸ್‌ವರ್ಡ್ ತಪ್ಪು ಅಂತಲೇ ಹೇಳುತ್ತದೆ. ಫೈಲು ಮಾಡುವಾಗ ಲೆಗಸಿ ಅನ್ನುವ ಆಯ್ಕೆ ಕೊಟ್ಟರೆ ಒಂದೇ ಸಲಕ್ಕೆ ಒಳಗೆ ಹೋಯಿತು.

ಲ್ಯಾಬಿನದ್ದು ಹತ್ತು ನಿಮಿಷದ್ದು. ಅವರ ಪುಟ ಟಾಮ್‌ಕ್ಯಾಟ್ ಅನ್ನುವ ವೆಬ್ ಸರ್ವರಿನಲ್ಲಿ 10080ನೇ ಪೋರ್ಟಿನಲ್ಲಿ, ಅಂದರೆ ಆ ನಂಬರಿನ ಬಾಗಿಲಿನಲ್ಲಿ ಇತ್ತು. ದಪ್ಪಕ್ಷರ ನಂಬಿದ್ದರೆ ಸರ್ವರ್ ಬಿದ್ದಿದೆ ಅಂದುಕೊಳ್ಳಬೇಕು. ಆದರೆ ಬ್ರೌಸರ್ ಇಲ್ಲದೆ ಪುಟ ತರಿಸುವ ಕರ್ಲ್‌ನಲ್ಲಿ ಕೇಳಿದರೆ 200, ಅಂದರೆ ಎಲ್ಲ ಸರಿ, ಅಂತ ಗುಂಡಗೆ ಉತ್ತರ. ರೂಟರನ್ನು ಯಾಮಾರಿಸಿ ಒಳಗಿನ ಯಂತ್ರಗಳಿಗೆ ಹೊರಗಿನಿಂದ ದಾರಿ ಮಾಡಿಕೊಳ್ಳುವ ನ್ಯಾಟ್ ಸ್ಲಿಪ್‌ಸ್ಟ್ರೀಮಿಂಗ್ ಎಂಬ ದಾಳಿಯನ್ನು 2020ರಲ್ಲಿ ತೋರಿಸಿಕೊಟ್ಟ ಮೇಲೆ ಬ್ರೌಸರಿನವರು ಒಂದಷ್ಟು ಪೋರ್ಟುಗಳಿಗೆ ಬೇಲಿ ಹಾಕುತ್ತ ಬಂದರು. 10080ರ ಸರದಿ ಬಂದದ್ದು ಕ್ರೋಮ್ 91ರಲ್ಲಿ. ಅದನ್ನು ತೆರೆಯುವ ದಾರಿ ಹುಡುಕಬಹುದಿತ್ತು, ನಾನು ಹುಡುಕಲಿಲ್ಲ. ಇಷ್ಟು ಸಣ್ಣ ಕೆಲಸಕ್ಕೆ ಬೇಲಿ ಮುರಿಯುವುದೇಕೆ? ಟಾಮ್‌ಕ್ಯಾಟ್‌ನ ಫೈಲಿನಲ್ಲಿ 8085 ಅಂತ ಬದಲಿಸಿ, ಫೈರ್‌ವಾಲ್‌ನಲ್ಲೂ ಅದನ್ನೇ ಬಿಟ್ಟೆ. ಲ್ಯಾಬಿನ ಮಾನಿಟರಿಗೆ ಅಂಟಿಸಿದ್ದ ಚೀಟಿಯಲ್ಲಿ ಹಳೇ ನಂಬರನ್ನು ಪೆನ್ನಿನಲ್ಲಿ ಹೊಡೆದು ಹೊಸದು ಬರೆದೆ.

ತಲೆ ತಿಂದದ್ದು ಹಾಜರಿ ಪುಟ. ನಮ್ಮ ಪೋರ್ಟಲ್ ಪುಟದ ಮಧ್ಯೆ ಐಫ್ರೇಮ್ ಅನ್ನುವ ಒಂದು ಕಿಟಕಿ ಇದೆ, ಅದರೊಳಗೆ ಹಾಜರಿ ಸಾಫ್ಟ್‌ವೇರ್ ಕಾಣುತ್ತದೆ. ಲಾಗಿನ್ ಮಾಡಿದರೆ ಕೆಂಪು ಅಕ್ಷರ ಇಲ್ಲ, ಬೈಗುಳ ಇಲ್ಲ, ಸುಮ್ಮನೆ ಮತ್ತೆ ಲಾಗಿನ್ ಪುಟ. ಜನ ತಮ್ಮ ಪಾಸ್‌ವರ್ಡೇ ಮರೆತಿದೆ ಅಂದುಕೊಂಡು ರೀಸೆಟ್ ಕೇಳತೊಡಗಿದರು, ಎಚ್‌ಆರ್‌ನವರು ಮಾಡಿಯೂ ಕೊಟ್ಟರು. ಸಾಫ್ಟ್‌ವೇರ್ ಕೊಟ್ಟವರಿಗೆ ಫೋನು ಮಾಡಿದರೆ "ನಮ್ಮ ಕಡೆ ಎಲ್ಲ ಸರಿಯಾಗಿದೆ ಸಾರ್, ಕ್ಯಾಶ್ ಕ್ಲಿಯರ್ ಮಾಡಿ". ಬೆಳಿಗ್ಗೆ ನಾನು ಹೇಳಿದ್ದ ಮಾತೇ ನನಗೆ ವಾಪಸ್ ಬಂತು.

ದಾರಿ ತೋರಿಸಿದ್ದು ಹುಡುಗ. ಅವನು ಹಾಜರಿಯ ಐಪಿ ವಿಳಾಸವನ್ನು ಬೇರೆ ಟ್ಯಾಬಿನಲ್ಲಿ ನೇರವಾಗಿ ಹೊಡೆದ, ಲಾಗಿನ್ ಆಯಿತು. "ಸಾರ್, ಫ್ರೇಮ್ ಒಳಗೆ ಮಾತ್ರ ಆಗ್ತಿಲ್ಲ." ಎಫ್12 ಒತ್ತಿ ನೆಟ್‌ವರ್ಕ್ ಟ್ಯಾಬಿನಲ್ಲಿ ಲಾಗಿನ್ ಸಾಲು ತೆರೆದೆವು. ಸೆಟ್-ಕುಕಿ ಅನ್ನುವ ಸಾಲಿನ ಪಕ್ಕ ಹಳದಿ ತ್ರಿಕೋನ, ಅದರ ಮೇಲೆ ಮೌಸ್ ಇಟ್ಟರೆ ಈ ಕುಕಿಯನ್ನು ತಡೆಯಲಾಗಿದೆ, ಸೇಮ್‌ಸೈಟ್ ಹೇಳಿಲ್ಲ ಅನ್ನುವ ವಿವರಣೆ. ಅಂದರೆ ಸರ್ವರ್ ಲಾಗಿನ್ ಒಪ್ಪಿ ಚೀಟಿ ಕೊಡುತ್ತಿದೆ, ಬ್ರೌಸರ್ ಆ ಚೀಟಿಯನ್ನು ಇಟ್ಟುಕೊಳ್ಳುತ್ತಿಲ್ಲ. ಮುಂದಿನ ಪುಟಕ್ಕೆ ಹೋದಾಗ ಚೀಟಿ ಇಲ್ಲ, ಮತ್ತೆ ಬಾಗಿಲಿಗೆ.

ಕ್ರೋಮ್ 80ರಿಂದ ಬಂದ ನಿಯಮ ಇದು. ಒಂದು ಸೈಟಿನೊಳಗೆ ಇನ್ನೊಂದು ಸೈಟು ಕೂತಾಗ, ಸ್ಪಷ್ಟವಾಗಿ ಅನುಮತಿ ಹೇಳದ ಕುಕಿ ಕೆಲಸ ಮಾಡುವುದಿಲ್ಲ. ಕೋವಿಡ್ ಹೊತ್ತಿನಲ್ಲಿ ಅಗತ್ಯದ ಸೈಟುಗಳು ಕೆಡಬಾರದು ಅಂತ 2020ರ ಏಪ್ರಿಲ್‌ನಲ್ಲಿ ಹಿಂದೆ ತೆಗೆದು, ಜುಲೈನಲ್ಲಿ ಮತ್ತೆ ತಂದರು. ನಮ್ಮ ಪೋರ್ಟಲ್ ಹೆಸರಿನಲ್ಲಿ ಇದೆ, ಹಾಜರಿ ಬರೀ ಐಪಿ ಅಂಕಿಯಲ್ಲಿ. ಒಂದೇ ರ್‍ಯಾಕಿನಲ್ಲಿ ಒಂದರ ಮೇಲೊಂದು ಇರುವ ಎರಡು ಪೆಟ್ಟಿಗೆ ಬ್ರೌಸರಿನ ಕಣ್ಣಿಗೆ ಎರಡು ಊರು. ಅನುಮತಿ ಹೇಳಿಸೋಣ ಅಂದರೆ ಸಾಫ್ಟ್‌ವೇರ್ ನಮ್ಮ ಕೈಯಲ್ಲಿಲ್ಲ, ಮೇಲಾಗಿ ಅದಕ್ಕೆ ಸುರಕ್ಷಿತ ಸಂಪರ್ಕದ ಎಚ್‌ಟಿಟಿಪಿಎಸ್ ಬೇರೆ ಬೇಕು. ಹಾಗಾಗಿ ಇಬ್ಬರನ್ನೂ ಒಂದೇ ಮನೆಯವರನ್ನಾಗಿ ಮಾಡಿದೆ. ಯಾವ ಹೆಸರಿಗೆ ಯಾವ ಐಪಿ ಅಂತ ಹೇಳುವ ಡಿಎನ್‌ಎಸ್‌ನಲ್ಲಿ ಪೋರ್ಟಲ್ ಇರುವ ಡೊಮೇನಿನಡಿಯಲ್ಲೇ ಹಾಜರಿಗೂ ಒಂದು ಹೆಸರು, ಐಫ್ರೇಮಿನ ವಿಳಾಸದಲ್ಲಿ ಐಪಿಯ ಬದಲು ಆ ಹೆಸರು. ಎರಡು ಸಾಲಿನ ಬದಲಾವಣೆ, ಲಾಗಿನ್ ಆಯಿತು. ಎರಡೂ ಎಚ್‌ಟಿಟಿಪಿಯಲ್ಲೇ ಇದ್ದದ್ದು ಅನುಕೂಲವಾಯಿತು. 89ರಿಂದೀಚೆಗೆ ಒಂದು ಎಚ್‌ಟಿಟಿಪಿ, ಇನ್ನೊಂದು ಎಚ್‌ಟಿಟಿಪಿಎಸ್ ಆದರೂ ಬೇರೆ ಸೈಟು ಅಂತಲೇ ಲೆಕ್ಕ. ಮುಂದೆ ಬದಲಿಸುವಾಗ ಎರಡನ್ನೂ ಒಟ್ಟಿಗೇ ಬದಲಿಸಬೇಕು, ಅದನ್ನು ಸರ್ವರ್ ರೂಮಿನ ಬಾಗಿಲಿನ ಹಿಂದೆ ಬರೆದು ಅಂಟಿಸಿದ್ದೇನೆ.

ಅಪ್‌ಡೇಟ್ ನಿಲ್ಲಿಸಿದ್ದ ಆ ಪಾಲಿಸಿಯನ್ನು ಅದೇ ವಾರ ತೆಗೆದೆ. ಈಗ ನನ್ನ ಪಿಸಿಯೂ ಸ್ಟೋರ್ಸ್‌ನ ಒಂದು ಪಿಸಿಯೂ ಬೀಟಾದಲ್ಲಿವೆ, ಅಂದರೆ ಹೊಸ ಆವೃತ್ತಿ ಎಲ್ಲರಿಗಿಂತ ಮೊದಲು ಬರುವ ಕ್ರೋಮ್‌ನಲ್ಲಿ, ಕೆಡುವುದಿದ್ದರೆ ಅಲ್ಲಿ ಮೊದಲು ಕೆಡಲಿ ಅಂತ. ಸ್ಟೋರ್ಸ್ ಮೇಡಂ ಇದಕ್ಕೆ ಸುಲಭಕ್ಕೆ ಒಪ್ಪಲಿಲ್ಲ. ಹಳೇ ಲ್ಯಾಪ್‌ಟಾಪ್ ಕೌಂಟರಿನ ಕೆಳಗೆ ಇರಲೇಬೇಕು ಅಂತ ಷರತ್ತು ಹಾಕಿದರು. ಗೇಟ್‌ಪಾಸ್ ಅದರಲ್ಲಿ ಮಾಡುವ ಅಗತ್ಯ ಈಗಿಲ್ಲ, ಆದರೂ ಇದೆ, ಅದರ ಮೇಲೆ ಅವರ ಊಟದ ಬ್ಯಾಗು.