ಮೊದಲು ಹೋಗುವುದನ್ನೇ ಮೊದಲು ಬರೆಯುತ್ತೇನೆ

ಮಲ್ಲೇಶ್ವರದಲ್ಲಿ ಒಂದು ಹಂಚಿನ ಮನೆ ಇತ್ತು. ದಿನಾ ಅದರ ಮುಂದೆಯೇ ಬಸ್ಸಿಗೆ ಹೋಗುತ್ತಿದ್ದೆ, ಒಂದು ಭಾನುವಾರ ಬಂದು ಚಿತ್ರ ಬರೆಯಬೇಕು ಅಂದುಕೊಂಡೇ ಎರಡು ವರ್ಷ ಕಳೆದೆ. ಆಮೇಲೊಂದು ದಿನ ನೋಡಿದರೆ ಗೋಡೆ ಇದೆ, ಹಂಚಿಲ್ಲ, ಕಿಟಕಿಯಿಲ್ಲ, ಮಂಕಿ ಟಾಪೂ ಇಲ್ಲ. ಮನೆ ಒಡೆಯುವವರು ಮೊದಲು ಬಿಚ್ಚುವುದು ಮಾರಾಟವಾಗುವ ಸಾಮಾನನ್ನು: ಬಾಗಿಲು, ಕಿಟಕಿ, ತೊಲೆ, ಹಂಚು. ಜೆಸಿಬಿ ಬರುವುದು ಆಮೇಲೆ. ನಾನೂ ಈಗ ಅದೇ ಕ್ರಮದಲ್ಲಿ ಬರೆಯುತ್ತೇನೆ.

ಮಂಕಿ ಟಾಪ್ ಅಂದರೆ ಕಿಟಕಿ ಅಥವಾ ಪೋರ್ಟಿಕೋ ಮೇಲೆ ಚೂಪಾಗಿ ಮುಂದಕ್ಕೆ ಚಾಚಿರುವ ಮರದ ಮಾಡು, ಅದರ ಮುಂದೆ ಸಾಲಾಗಿ ಮರದ ಪಟ್ಟಿಗಳು. ಆ ಪಟ್ಟಿಗಳನ್ನು ಎಣಿಸಿಯೇ ಬರೆಯುತ್ತೇನೆ. ಹನ್ನೊಂದಿದ್ದರೆ ಹನ್ನೊಂದೇ, ಸುಮ್ನೆ ಗೀಚಿ ತುಂಬಿಸುವುದಿಲ್ಲ. ಒಂದು ಮುರಿದಿದ್ದರೆ ಅದನ್ನೂ ಮುರಿದ ಹಾಗೇ ಬಿಡುತ್ತೇನೆ. ಗೋಡೆ ಕೊನೆಗೆ, ಎರಡೇ ಗೆರೆಯಲ್ಲಿ.

ಗೆರೆಯ ಮೇಲೆ ನೀರಿನ ಬಣ್ಣ ಹಚ್ಚುವುದರಿಂದ ಇಂಕು ನೀರಿಗೆ ಕದಡದ್ದೇ ಆಗಬೇಕು. ಹಂಚಿಗೆ ಮೊದಲು ಬರ್ಂಟ್ ಸಿಯೆನ್ನಾ ಅನ್ನುವ ಕೆಂಗಂದು ಬಣ್ಣ, ಅದು ಹಸಿ ಇರುವಾಗಲೇ ಅಲ್ಲಲ್ಲಿ ಕಪ್ಪು ಹಸಿರಿನ ಒಂದೊಂದು ಹನಿ. ಹಳೇ ಮಂಗಳೂರು ಹಂಚಿನ ಮೇಲೆ ಪಾಚಿ ಕಟ್ಟಿ ಒಣಗಿದ ಬಣ್ಣ ಹಾಗೇ ಬರುತ್ತದೆ. ಬೆಳಿಗ್ಗೆ ಏಳಕ್ಕೆ ಕೂತರೆ ಒಳ್ಳೆಯದು, ಹತ್ತರ ಮೇಲೆ ಮನೆ ಮುಂದೆ ಕಾರು ನಿಂತುಬಿಡುತ್ತವೆ.

ಮನೆಗಳಷ್ಟೇ ಅಲ್ಲ. ಎಂ.ಜಿ. ರಸ್ತೆಯಲ್ಲಿ ಪ್ಲಾಜಾ ಥಿಯೇಟರ್ ಇದ್ದ ಕಡೆ ಈಗ ಮೆಟ್ರೋ. ಲಾಲ್‌ಬಾಗಿನ ಕ್ರುಂಬಿಗಲ್ ಹಾಲ್ 2017ರಲ್ಲಿ ಕುಸಿಯಿತು. ನನ್ನ ಹತ್ತಿರ ಇರುವುದು ಅದರ ಮುಂದಿನ ಕಂಬಗಳ ಒಂದೇ ಒಂದು ಪೆನ್ಸಿಲ್ ಚಿತ್ರ, ಹಿಂದಿನ ಗೋಡೆ ಹೇಗಿತ್ತು ಅಂತ ಈಗ ಎಷ್ಟು ಯೋಚಿಸಿದರೂ ನೆನಪಿಗೆ ಬರುವುದಿಲ್ಲ. ಅದಕ್ಕೇ ಈಗ ಪ್ರತಿ ಕಟ್ಟಡಕ್ಕೂ ಎರಡು ಹಾಳೆ, ಒಂದು ಮುಂದಿನಿಂದ, ಇನ್ನೊಂದು ಪಕ್ಕದಿಂದ.

ಹೋದ ತಿಂಗಳು ಬಸವನಗುಡಿಯಲ್ಲಿ ಒಂದು ಮನೆ ಎದುರು ನಿಂತಿದ್ದೆ. ಒಳಗಿಂದ ಅಜ್ಜಿಯೊಬ್ಬರು ಬಂದು, "ಬಿಸಿಲಲ್ಲಿ ಯಾಕಮ್ಮಾ ನಿಂತಿದೀಯ, ಒಳಗೆ ಬಾ" ಅಂದರು. ಜಗಲಿ ಮೇಲೆ ಕೂರಿಸಿ ಕಾಫಿ ಕೊಟ್ಟರು. ಕೆಂಪು ರೆಡ್ ಆಕ್ಸೈಡ್ ನೆಲ, ಬಾಗಿಲ ಹತ್ತಿರ ಓಡಾಡಿ ಓಡಾಡಿ ಬಣ್ಣ ತೆಳುವಾಗಿತ್ತು. ಅದನ್ನೂ ಬರೆದುಕೊಂಡೆ. ಅಜ್ಜಿ ಪುಸ್ತಕ ತಿರುಗಿಸಿ ನೋಡಿ, "ಆ ಮಾವಿನ ಮರಾನೂ ಬರ್ದ್ಬಿಡಮ್ಮ, ಮನೆ ಜೊತೆ ಅದೂ ಹೋಗತ್ತೆ" ಅಂದರು.

ಹಾಳೆಯಲ್ಲಿ ಜಾಗ ಇರಲಿಲ್ಲ. ಪಕ್ಕಕ್ಕೆ ಇನ್ನೊಂದು ಅಂಟಿಸಿ ಬರೆದೆ.