ಇಂಗ್ಲೆಂಡಿನ ಲೆಸ್ಟರ್‌ಗೆ ಬರುವ ನಮ್ಮ ಕಡೆಯವರೇ, ಮೊದಲು ಜಿಪಿ ಹತ್ತಿರ ಹೆಸರು ಬರೆಸಿ

ಬಳ್ಳಾರಿ, ರಾಯಚೂರು, ಕೊಪ್ಪಳದಿಂದ ಓದೋಕೋ ಕೆಲಸಕ್ಕೋ ಇಲ್ಲಿಗೆ ಬಂದವರು ಮೊದಲ ವಾರದಲ್ಲೇ ಸಿಮ್ ತಗೊಳ್ತಾರೆ, ರೂಮು ಹುಡುಕ್ತಾರೆ, ಬ್ಯಾಂಕ್ ಖಾತೆ ತೆಗೀತಾರೆ. ಡಾಕ್ಟರ್ ನೆನಪಾಗೋದು ಜ್ವರ ಬಂದ ಮೇಲೆ. ದಯವಿಟ್ಟು ಅಷ್ಟು ದಿನ ಕಾಯಬೇಡಿ. ಊರಲ್ಲಾದರೆ ಆಶಾ ಕಾರ್ಯಕರ್ತೆ ಬಾಗಿಲಿಗೇ ಬಂದು, ಯಾರಿಗೆ ಜ್ವರ, ಗುಳೆ ಹೋದವರಲ್ಲಿ ಯಾರು ವಾಪಸ್ ಬಂದರು ಅಂತ ಕೇಳಿ ಬರೆದುಕೊಳ್ಳುತ್ತಾರೆ. ಇಲ್ಲಿ ನಾವೇ ಹೋಗಿ ಬರೆಸಬೇಕು.

ಜಿಪಿ ಅಂದರೆ ನಿಮ್ಮ ಏರಿಯಾದ ಡಾಕ್ಟರ್. ನೋಂದಣಿಗೆ ದುಡ್ಡಿಲ್ಲ. ಪಾಸ್‌ಪೋರ್ಟ್, ವಿಳಾಸದ ದಾಖಲೆ, ವೀಸಾ ತೋರಿಸಲಿಲ್ಲ ಅನ್ನೋ ಕಾರಣಕ್ಕೆ ನಿಮ್ಮನ್ನು ವಾಪಸ್ ಕಳಿಸುವ ಹಾಗಿಲ್ಲ. ಕೌಂಟರ್‌ನಲ್ಲಿ ಯಾರಾದರೂ ಕೇಳಿದರೆ ಇದನ್ನೇ ಸಮಾಧಾನದಿಂದ ಹೇಳಿ. ಇಂಗ್ಲಿಷ್ ಕಷ್ಟವಾದರೆ ಕನ್ನಡ ದುಭಾಷಿ ಬೇಕು ಅಂತ ಮೊದಲೇ ತಿಳಿಸಿ, ಅದೂ ಉಚಿತ. ಮಕ್ಕಳ ಕೈಲಿ ಕಾಯಿಲೆ ವಿಷಯ ಹೇಳಿಸಬೇಡಿ.

ಇಷ್ಟು ಒತ್ತಿ ಹೇಳೋಕೆ ಕಾರಣ ಕೋವಿಡ್. 2020ರ ಜೂನ್ 29ರಂದು ದೇಶದ ಮೊದಲ ಸ್ಥಳೀಯ ಲಾಕ್‌ಡೌನ್ ಘೋಷಣೆಯಾಗಿದ್ದು ಇದೇ ಲೆಸ್ಟರ್‌ಗೆ. ಆಗ ಕೌನ್ಸಿಲ್‌ನವರು, ಅಂದರೆ ಇಲ್ಲಿನ ನಗರಸಭೆಯವರು, ಮನೆ ಮನೆಗೆ ಹೋಗಿ ಪರೀಕ್ಷೆ ಮಾಡಿಸಿದರು. ಸೆಪ್ಟೆಂಬರ್ 28ರಿಂದ, ಮನೆಯಲ್ಲೇ ಪ್ರತ್ಯೇಕ ಇರಬೇಕಾದ ಕಡಿಮೆ ಆದಾಯದವರಿಗೆ ಕೌನ್ಸಿಲ್ ಮೂಲಕವೇ 500 ಪೌಂಡ್ ಸಿಗುವ ವ್ಯವಸ್ಥೆಯಾಯಿತು, ಕೂಲಿ ತಪ್ಪುತ್ತದೆ ಅಂತ ಹೆದರಿ ಜ್ವರದಲ್ಲೇ ಕೆಲಸಕ್ಕೆ ಹೋಗುವವರಿಗೆ ಅದು ಎಷ್ಟು ದೊಡ್ಡದು ಅಂತ ಗುಳೆ ಕಂಡ ನಮ್ಮ ಊರವರಿಗೆ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ. ವೀಸಾ ಇಲ್ಲದವರಿಗೂ ಲಸಿಕೆ ಉಚಿತ ಅಂತ 2021ರ ಫೆಬ್ರವರಿಯಲ್ಲಿ ಸರ್ಕಾರ ಹೇಳಿತು. ಆದರೆ ಲಸಿಕೆಗೆ ಬನ್ನಿ ಅನ್ನೋ ಕರೆ ಜಿಪಿ ಪಟ್ಟಿ ನೋಡಿ ಹೋಗುತ್ತಿತ್ತು. ಪಟ್ಟಿಯಲ್ಲಿ ಹೆಸರಿಲ್ಲದವರನ್ನು ಹುಡುಕೋದು ಯಾವ ನಗರಕ್ಕೂ ಕಷ್ಟ.

ಟಿಬಿ ವಿಷಯವೂ ಹಾಗೇ. ಹೊಸದಾಗಿ ಬಂದ 16ರಿಂದ 35 ವಯಸ್ಸಿನವರಿಗೆ ಜಿಪಿ ಕಡೆಯಿಂದ ರಕ್ತಪರೀಕ್ಷೆಗೆ ಕರೆ ಬರಬಹುದು. ವೀಸಾಕ್ಕೆ ಎಕ್ಸ್‌ರೇ ತೆಗೆಸಿದ್ದೇನಲ್ಲ ಅಂತ ಸುಮ್ನೆ ಬಿಡಬೇಡಿ, ಒಳಗೇ ಮಲಗಿರುವ ಸೋಂಕು ಎಕ್ಸ್‌ರೇಯಲ್ಲಿ ಕಾಣೋದಿಲ್ಲ. ಟಿಬಿ ಪರೀಕ್ಷೆ, ಚಿಕಿತ್ಸೆ ಎಲ್ಲರಿಗೂ ಉಚಿತ. ಇದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ.

ಬಾಣಂತನಕ್ಕೆ ಅವ್ವನನ್ನು ಕರೆಸುವವರು ಗಮನಿಸಿ: ಪ್ರವಾಸಿ ವೀಸಾದವರಿಗೆ ಆಸ್ಪತ್ರೆಯ ಬಹುತೇಕ ಚಿಕಿತ್ಸೆಗೆ ಬಿಲ್ ಬರುತ್ತದೆ, ಹಾಗಾಗಿ ವಿಮೆ ಮಾಡಿಸಿಯೇ ಕರೆಸಿ. ಕೋವಿಡ್, ಟಿಬಿಯಂಥ ಸಾಂಕ್ರಾಮಿಕ ರೋಗಗಳಿಗೆ ಮಾತ್ರ ಅವರಿಗೂ ಬಿಲ್ ಇಲ್ಲ. ರಾತ್ರಿ ಏನಾದರೂ ಆದರೆ 111ಕ್ಕೆ, ಜೀವಕ್ಕೇ ಅಪಾಯ ಅನ್ನಿಸಿದರೆ 999ಕ್ಕೆ ಫೋನ್ ಮಾಡಿ.